ಲಿಟಲ್ ಮಾರ್ವಾ ಡೇನ್ ಎಂಬಾಕೆಯನ್ನು ಹಡೆದ ಮಹನೀಯರಿಗೆ

ಶ್ರೀಮಾನ್ ಡೆಸ್ಮಂಡ್ ಗ್ರಿಮ್‌ಷಾ ಅವರ ಸನ್ನಿಧಾನಕ್ಕೆ,
ಭಾನುವಾರದ ಡಿಜೆಗಳು, ಹೋಲ್ಟ್ ಬೀದಿಯ ಕಾರ್ಮಿಕರ ಕ್ಲಬ್ಬು, ರಾಚ್‌ಡೇಲ್

ಮಾನ್ಯರೇ, ಮಾನ್ಯರಲ್ಲೇ ಅತಿಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತಮ್ಮ ಮೊಣಕಾಲು ಕ್ಷೇಮವಾಗಿದೆ, ತಮ್ಮ ರೆಕಾರ್ಡು ಪೆಟ್ಟಿಗೆಗಳು ಅವೆರಡಕ್ಕಿಂತಲೂ ಕ್ಷೇಮವಾಗಿವೆ ಎಂದು ನಂಬಿ ಈ ಪತ್ರ ಬರೆಯಲು ಕೂತಿದ್ದೇನೆ. ಇದನ್ನು ತಮ್ಮ ಮನೆಯ ಬಾಗಿಲ ಸಂದಿಯಿಂದ ಒಳಗೆ ತೂರಿಸಬಹುದಿತ್ತು; ಆದರೆ ತಮ್ಮಂಥ ದೊಡ್ಡವರ ಗುಣಗಾನವನ್ನು ತಾವೊಬ್ಬರೇ ಓದಿ ಮಡಚಿಟ್ಟುಕೊಂಡರೆ ಊರಿಗೆ ಅನ್ಯಾಯವಾದೀತೆಂದು, ಕ್ಲಬ್ಬಿನ ಸೂಚನಾ ಫಲಕದಲ್ಲಿ, ಬಿಂಗೋ ಆಟದ ಪ್ರಕಟಣೆಗೂ ಯಾರದೋ ಹಲ್ಲುಕಟ್ಟು ಸಿಕ್ಕಿದೆ ಎಂಬ ಪ್ರಕಟಣೆಗೂ ನಡುವೆ, ಚೆನ್ನಾಗಿ ಪಿನ್ನು ಚುಚ್ಚಿ ಹಾಕಿದ್ದೇನೆ.

ನಾನು ಯಾರೆಂಬುದು ತಮಗೆ ಗೊತ್ತೇ ಇದೆ. ಆದರೂ ಬಿಯರ್ ಗ್ಲಾಸು ಹಿಡಿದು ಫಲಕದ ಮುಂದೆ ನಿಂತು ಓದುವ ಹೊಸಬರಿಗಾಗಿ ಹೇಳಬೇಕಲ್ಲ. ಮಾರುಕಟ್ಟೆಯಲ್ಲಿ ಪರದೆ ಬಟ್ಟೆ ಮಾರುತ್ತಿದ್ದ ಗ್ಲೆನಿಸ್ ಹೋವರ್ತ್ ನಾನೇ. ಅಮೆರಿಕದ ಡೆಟ್ರಾಯಿಟ್, ಷಿಕಾಗೋ ಕಡೆಯ ಕಪ್ಪು ಗಾಯಕರು ಅರವತ್ತರ ದಶಕದಲ್ಲಿ ಜೀವ ತೇಯ್ದು ಹಾಡಿ, ಅವರ ಊರಿನಲ್ಲೇ ಯಾರೂ ಕೊಳ್ಳದೆ, ಗೋದಾಮಿನ ಮೂಲೆಯಲ್ಲಿ ಧೂಳು ತಿಂದ ಸೋಲ್ ಸಂಗೀತದ ಸಿಂಗಲ್‌ಗಳನ್ನು, ಎಂದರೆ ಪಕ್ಕಕ್ಕೊಂದೇ ಹಾಡಿನ ಪುಟ್ಟ ರೆಕಾರ್ಡುಗಳನ್ನು, ಹುಡುಕಿ ತಂದು, ಕಾಲು ನುಣ್ಣಗೆ ಜಾರಲೆಂದು ಮರದ ನೆಲಕ್ಕೆ ಪೌಡರ್ ಚೆಲ್ಲಿ ಕುಣಿಯುವುದು ನಮ್ಮ ಕಡೆಯವರ ಹುಚ್ಚು, ಮತ್ತು ಆ ಹುಚ್ಚು ನನಗೆ ಹದಿಹರೆಯದಲ್ಲಿ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಎಷ್ಟು ಕಡಿಮೆ ಮಾರಾಟವಾಗಿದೆಯೋ ಅಷ್ಟು ಒಳ್ಳೆಯ ಹಾಡು ಎಂಬುದು ನಮ್ಮ ಧರ್ಮ. ನಾನೂ ಒಂದೆರಡು ಪೆಟ್ಟಿಗೆ ಕೂಡಿಟ್ಟಿದ್ದೇನೆ. "ಹೆಂಗಸ್ರು ರೆಕಾರ್ಡು ಕೂಡಿಡಲ್ಲ ಗ್ಲೆನಿಸ್, ಗಂಡ ಸತ್ಮೇಲೆ ಮಾರ್ತಾರೆ ಅಷ್ಟೆ" ಎಂದು ತಾವು ಒಮ್ಮೆ ಅಪ್ಪಣೆ ಕೊಡಿಸಿದ್ದು ನೆನಪಿದೆ. ನನ್ನ ಯಜಮಾನರು ಆಗ ಪಕ್ಕದಲ್ಲೇ ನಿಂತು ಕಡಲೆಬೀಜ ತಿನ್ನುತ್ತಿದ್ದರು. ಪಾಪ, ಅವರಿಗೆ ಕೆಮ್ಮು ಹತ್ತಿತು.

ಹೊಸಬರಿಗೆ ತಮ್ಮ ಕಲೆಯ ಮರ್ಮವನ್ನೂ ಒಂದಿಷ್ಟು ತಿಳಿಸಬೇಕು. ನಮ್ಮ ಡಿಜೆಗಳಿಗೆ ಬೇರಾರ ಬಳಿಯೂ ಇಲ್ಲದ ಒಂದು ಹಾಡು ಸಿಕ್ಕಿತೆನ್ನಿ, ಅವರು ತಕ್ಷಣ ಅದರ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಹಾಡಿದವರಿಗೂ ಹಾಡಿಗೂ ತಮ್ಮದೇ ಒಂದು ಹೊಸ ಹೆಸರಿಟ್ಟು ಮೈಕಿನಲ್ಲಿ ಕೂಗುತ್ತಾರೆ. ನಿಜವಾದ ಹೆಸರು ಹೊರಬಿದ್ದರೆ ಪಕ್ಕದೂರಿನ ಡಿಜೆ ಅಮೆರಿಕದ ವ್ಯಾಪಾರಿಗೆ ಫೋನು ಮಾಡಿ ಇನ್ನೊಂದು ಪ್ರತಿ ತರಿಸಿಬಿಡುತ್ತಾನಲ್ಲ, ಅದಕ್ಕೆ. ಇದಕ್ಕೆ ನಮ್ಮಲ್ಲಿ ಮುಸುಕು ಹಾಕುವುದು ಎನ್ನುತ್ತಾರೆ. ಹಾಗೆ ಮುಸುಕು ಹಾಕಿದ ಹಾಡಿಗೆ ವರ್ಷಗಟ್ಟಲೆ ಕುಣಿದು, ಹಾಡಿದವರ ಸುಳ್ಳು ಹೆಸರನ್ನು ಅಂಗಿಯ ಮೇಲೆ ಹೊಲಿಸಿಕೊಂಡವರೂ ನಮ್ಮಲ್ಲಿದ್ದಾರೆ. ಕಳ್ಳತನವಲ್ಲ, ಮೋಸವಲ್ಲ; ಇದೊಂದು ಸಂಪ್ರದಾಯ, ಮತ್ತು ಸಂಪ್ರದಾಯ ಎಂದ ಕೂಡಲೇ ಯಾರೂ ಮುಂದೆ ಪ್ರಶ್ನೆ ಕೇಳುವ ಹಾಗಿಲ್ಲ.

ಆದರೆ ತಾವು, ಮಾನ್ಯರೇ, ಆ ಸಂಪ್ರದಾಯವನ್ನು ಯಾರೂ ಏರದ ಎತ್ತರಕ್ಕೆ ಏರಿಸಿದಿರಿ. ತಮ್ಮ ಕೈಯಲ್ಲಿರುವುದು ಸಾಮಾನ್ಯ ಸಿಂಗಲ್ ಅಲ್ಲ, ಅಸಿಟೇಟ್. ಹಾಡಿದ ದಿನವೇ, ಹೇಗೆ ಬಂದಿದೆ ಕೇಳೋಣವೆಂದು, ಅಲ್ಯೂಮಿನಿಯಂ ತಟ್ಟೆಗೆ ಬಳಿದ ಮೆತ್ತನೆಯ ಅರಗಿನ ಮೇಲೆ ಸ್ಟುಡಿಯೋದವರು ಕೊರೆದು ಕೊಡುತ್ತಿದ್ದ ಒಂದೇ ಒಂದು ಪ್ರತಿ ಅದು. ಅದನ್ನು ನಾಲ್ಕಾರು ಸಲ ಕೇಳಿ ಎಸೆಯಬೇಕೆಂದೇ ಮಾಡಿರುತ್ತಾರೆ. ಮುಳ್ಳು ಇಟ್ಟಾಗಲೆಲ್ಲ ಒಂದಿಷ್ಟು ಹಾಡು ಕೆರೆದು ಹೋಗುತ್ತದೆ. ಜಗತ್ತಿನಲ್ಲಿ ಎರಡನೆಯ ಪ್ರತಿಯೇ ಇಲ್ಲದ ವಸ್ತುವಿನ ಹೆಸರನ್ನು, ಎಲ್ಲಿ ಯಾರಾದರೂ ಎರಡನೆಯ ಪ್ರತಿ ತರಿಸಿಬಿಡುತ್ತಾರೋ ಎಂಬ ಭಯದಿಂದ ಇಷ್ಟು ವರ್ಷ ಮುಚ್ಚಿಟ್ಟ ತಮ್ಮ ಮುಂದಾಲೋಚನೆಗೆ ನಾನು ತಲೆಬಾಗುತ್ತೇನೆ. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ, ಬಿಳಿ ಕೈಗವಸು ತೊಟ್ಟು, ಮಗುವನ್ನು ತೊಟ್ಟಿಲಿನಿಂದ ಎತ್ತುವಂತೆ ಅದನ್ನೆತ್ತಿ, "ಇದು ಬೇರೆಲ್ಲೂ ಕೇಳಕ್ಕೆ ಸಿಗಲ್ಲ, ಲಿಟಲ್ ಮಾರ್ವಾ ಡೇನ್, 'ಕಾದದ್ದು ಸಾಕು'!" ಎಂದು ತಾವು ಕೂಗಿದಾಗ ನಮ್ಮ ಮೈ ಜುಮ್ಮೆನ್ನುತ್ತಿದ್ದುದು ಸುಳ್ಳಲ್ಲ.

ಮಾರ್ವಾಳ ಜೀವನ ಚರಿತ್ರೆಯನ್ನೂ ತಾವೇ ಕಂತು ಕಂತಾಗಿ ದಯಪಾಲಿಸಿದಿರಿ. ಅಲಬಾಮಾದಲ್ಲಿ ಹುಟ್ಟಿದ ಅನಾಥೆ, ಹೋಟೆಲಿನಲ್ಲಿ ಲಿಫ್ಟು ನಡೆಸುತ್ತಿದ್ದಳು, ಲಿಫ್ಟಿನಲ್ಲೇ ಹಾಡಿಕೊಳ್ಳುತ್ತಿದ್ದಾಗ ನಿರ್ಮಾಪಕನೊಬ್ಬ ಕೇಳಿಸಿಕೊಂಡ, ಆಮೇಲೊಂದು ದಿನ ಹೇಳದೆ ಕೇಳದೆ ಮಾಯವಾದಳು. ಇದನ್ನು ಕೇಳಿ ನಮ್ಮ ಹೆಂಗಸರು ಮೂಗೊರೆಸಿಕೊಂಡರು. ಬ್ಲ್ಯಾಕ್‌ಬರ್ನಿನ ಮಹಾಶಯನೊಬ್ಬ ತಾನು ಆಕೆಯ ಕೈ ಕುಲುಕಿದ್ದಾಗಿಯೂ, ಕೈ ತುಂಬ ತಣ್ಣಗಿತ್ತೆಂದೂ ಹೇಳಿಕೊಂಡು ಇವತ್ತಿಗೂ ಬಿಟ್ಟಿ ಬಿಯರ್ ಕುಡಿಯುತ್ತಿದ್ದಾನೆ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ತಪ್ಪು ನನ್ನ ಕಿವಿಯದು. ಕಳೆದ ಚಳಿಗಾಲದಲ್ಲಿ ನನ್ನ ಸೊಂಟ ಹಿಡಿದುಕೊಂಡು, ಕುಣಿಯಲಾಗದೆ ಸ್ಪೀಕರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಕುಣಿಯುವವರು ಹಾಡನ್ನು ಕಾಲಿನಿಂದ ಕೇಳುತ್ತಾರೆ, ಆವತ್ತು ನಾನು ಅದನ್ನು ಕಿವಿಯಿಂದಲೇ ಕೇಳಬೇಕಾಯಿತು. ಮಾರ್ವಾಳ ಹಿಂದೆ ಇನ್ನೊಂದು ದನಿ ಇತ್ತು. ಎಳೆಯ ಹುಡುಗಿಯದು. ಪಲ್ಲವಿ ಮುಗಿಯುವಲ್ಲಿ ಒಂದು ಚೂರು ತಡವಾಗಿ ಬಂದು, ತಡವಾದದ್ದಕ್ಕೆ ನಾಚಿಕೊಂಡಂತೆ ತಗ್ಗುತ್ತಿತ್ತು. ಆ ತಡವನ್ನು ನಾನು ಬಲ್ಲೆ. ಒಡೆಸ್ಸಾ ಟಾಲಿವರ್ ಎಂಬ ಡೆಟ್ರಾಯಿಟಿನ ಗಾಯಕಿಯ ಒಂದೇ ಒಂದು ಸಿಂಗಲ್ ನನ್ನ ಪೆಟ್ಟಿಗೆಯಲ್ಲಿದೆ. ದೊಡ್ಡವರಾದ ಮೇಲೆ ಹಾಡಿದ್ದು. ಅದರಲ್ಲೂ ಆಕೆ ಹಾಗೆಯೇ ತಡವಾಗಿ ಬಂದು ಹಾಗೆಯೇ ತಗ್ಗುತ್ತಾರೆ.

ಈ ಗಾಯಕರೆಲ್ಲ ಹಾಡು ಕಲಿತದ್ದು ಚರ್ಚಿನಲ್ಲೇ ಎಂದು ಡೆಟ್ರಾಯಿಟಿನ ಚರ್ಚುಗಳಿಗೆ ಒಂದಾದ ಮೇಲೊಂದು ಫೋನು ಮಾಡಿ, ಕಡೆಗೂ ಆಕೆಯನ್ನು ಹಿಡಿದೆ. ಏನು ಹೇಳಬೇಕೆಂದು ತೋಚದೆ ಹಾಡಿನ ಮೊದಲ ಸಾಲನ್ನು ಹಾಡಿಬಿಟ್ಟೆ. ನನ್ನ ಕಂಠ ತಾವು ಕೇಳಿದ್ದೀರಿ. ಕೇಳಿದವರು ಬಾಗಿಲಿನ ಕೀಲಿಗೆ ಎಣ್ಣೆ ಬಿಡಲು ಏಳುತ್ತಾರೆ. ಆಕೆ ಫೋನು ಇಟ್ಟರೆಂದುಕೊಂಡೆ. ಆಗ, ಮಾನ್ಯರೇ, ತಮ್ಮ ತಟ್ಟೆಯಲ್ಲಿ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಎರಡನೆಯ ಸಾಲು ಸಮುದ್ರದಾಚೆಯಿಂದ ಬಂತು, ಒಂದು ಚೂರು ತಡವಾಗಿ.

"ಯಾರಮ್ಮಾ ನೀನು?" ಎಂದರು ಆಕೆ. "ಇದೆಲ್ಲಿ ಸಿಕ್ತು ನಿಂಗೆ? ಇದು ನಮ್ಮನೆ ಹಾಡು. ನಮ್ಮಕ್ಕಂದು."

ಅಕ್ಕನ ಹೆಸರು ವರ್ಲೀನ್. ಲಿಫ್ಟು ನಡೆಸುತ್ತಿರಲಿಲ್ಲ, ಲಾಂಡ್ರಿಯಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಹಾಡು ಅವಳೇ ಕಟ್ಟಿದ್ದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಶಾಲೆಯಿಂದ ತಂಗಿಯನ್ನು ಎಳೆದುಕೊಂಡು ಸ್ಟುಡಿಯೋಗೆ ಓಡಿ, ಹಾಡಿ, ಬಿಡುವು ಮುಗಿಯುವುದರೊಳಗೆ ವಾಪಸು ಓಡಿದಳಂತೆ. ಚೆನ್ನಾಗಿದ್ದರೆ ಫೋನು ಮಾಡುತ್ತೇವೆ ಎಂದು ಸ್ಟುಡಿಯೋದವರು ಹೇಳಿದ್ದರು. ಮನೆಯಲ್ಲಿ ಫೋನಿರಲಿಲ್ಲ, ಕೆಳಗಿನ ಕ್ಷೌರದಂಗಡಿಯ ನಂಬರನ್ನು ಅಕ್ಕ ಕೊಟ್ಟಿದ್ದಳು. ಒಡೆಸ್ಸಾ ದಿನಾ ಶಾಲೆ ಬಿಟ್ಟ ಮೇಲೆ ಆ ಅಂಗಡಿಯ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಫೋನು ಬರಲಿಲ್ಲ. ಮುಂದಿನ ಚಳಿಗಾಲ ವರ್ಲೀನ್ ನ್ಯುಮೋನಿಯಾದಲ್ಲಿ ತೀರಿಹೋದಳು. "ಫೋಟೋ ಒಂದಿದೆ, ಬಾಯಿ ಮುಚ್ಕೊಂಡಿರೋದು. ದನಿ ಎಲ್ಲೂ ಇಲ್ಲ ಕಣಮ್ಮಾ, ಮರ್ತೇ ಹೋಗಿತ್ತು ನಂಗೆ" ಎಂದರು. ನಾನು ಫೋನು ಹಿಡಿದುಕೊಂಡೇ ಅತ್ತೆ, ನಾಚಿಕೆಯೇನೂ ಇಲ್ಲ.

ಮಾರನೆಯ ದಿನವೇ ತಮ್ಮ ಗ್ಯಾರೇಜಿನ ದರ್ಶನಕ್ಕೆ ಬಂದೆ. ಕಾರು ಹೊರಗೆ ನೆನೆಯುತ್ತಿತ್ತು, ರೆಕಾರ್ಡುಗಳು ಒಳಗೆ ಹೀಟರಿನ ಮುಂದೆ ಬೆಚ್ಚಗಿದ್ದವು. ತಾವು ಎಲ್ಲವನ್ನೂ ಶಾಂತಚಿತ್ತರಾಗಿ ಆಲಿಸಿದಿರಿ.

"ಮುಸುಕು ಅಂದ್ರೆ ಮುಸುಕು ಗ್ಲೆನಿಸ್," ಎಂದಿರಿ. "ಹೆಸ್ರು ನಂಗೊತ್ತು. ಕಾಲ ಬಂದಾಗ ಹೇಳ್ತೀನಿ."

"ವರ್ಲೀನ್ ಟಾಲಿವರ್ ಅಂತನಾ? ಹೂಂ ಅನ್ನಿ, ಇಲ್ಲ ಅನ್ನಿ, ಅಷ್ಟೆ."

"ಹೂಂ ಅನ್ನಲ್ಲ, ಇಲ್ಲ ಅನ್ನಲ್ಲ. ಹೆಸ್ರು ಹೇಳ್ಬಿಟ್ರೆ ಆಮೇಲೆ ನನ್ ಹತ್ರ ಉಳಿಯೋದೇನು?"

ಹಾಡು ಉಳಿಯುತ್ತದಲ್ಲ ಎಂದೆ. ತಾವು ನನ್ನನ್ನು ಕನಿಕರದಿಂದ ನೋಡಿದಿರಿ. ಒಂದು ಪ್ರತಿಯನ್ನಾದರೂ ಕಂಪ್ಯೂಟರಿಗೆ ಇಳಿಸಿ ಆಕೆಗೆ ಕಳಿಸೋಣ, ಮುಳ್ಳಿಗೆ ಸಿಕ್ಕಿ ಅಕ್ಕನ ದನಿ ತೀರಾ ಸವೆದು ಹೋಗುವ ಮುಂಚೆ, ಎಂದಾಗ ತಾವು ಎರಡೂ ಕಿವಿ ಮುಚ್ಚಿಕೊಂಡಿರಿ. ನಕಲು ಎಂಬ ಮಾತನ್ನು ಆ ಗ್ಯಾರೇಜಿನಲ್ಲಿ ಆಡಬಾರದಿತ್ತು, ಕ್ಷಮೆಯಿರಲಿ. ಚರ್ಚಿನಲ್ಲಿ ನಿಂತು ಕೆಟ್ಟ ಮಾತಾಡಿದವಳಂತೆ ಅಲ್ಲಿಂದ ಹೊರಬಿದ್ದೆ.

ತಾವು ದನಿಯನ್ನು ಡೆಟ್ರಾಯಿಟಿಗೆ ಕಳಿಸಲಿಲ್ಲವಾದ್ದರಿಂದ ಡೆಟ್ರಾಯಿಟೇ ದನಿಯ ಬಳಿಗೆ ಬರಬೇಕಾಯಿತು. ಒಡೆಸ್ಸಾ ಅವರು ನೇರಳೆ ಬಣ್ಣದ ಟೋಪಿ ಹಾಕಿಕೊಂಡು, ಊರುಗೋಲು ಹಿಡಿದು, ಒಬ್ಬರೇ ಬಂದಿಳಿದರು. ನಮ್ಮನೆಯ ಹಿಂದಿನ ಕೋಣೆಯಲ್ಲಿ ಇಳಿಸಿಕೊಂಡೆ. ನಮ್ಮ ಬೇಸಿಗೆಯನ್ನು ಕಂಡು "ಇದಕ್ಕೆ ನೀವು ಬೇಸ್ಗೆ ಅಂತೀರಾ?" ಎಂದು ಎರಡು ಕಂಬಳಿ ಹೊದ್ದರು. ಕ್ಲಬ್ಬಿನಲ್ಲಿ ಮಾಂಸದ ಕಡುಬಿನ ಜೊತೆ ಬೇಯಿಸಿ ಅರೆದ ಬಟಾಣಿ ಬಡಿಸಿದಾಗ ಬಟ್ಟಲನ್ನು ಅತ್ತಿತ್ತ ತಿರುಗಿಸಿ ನೋಡಿ, "ಇದನ್ನ ಆಗ್ಲೇ ಯಾರೋ ಒಂದ್ಸಲ ತಿಂದ ಹಾಗಿದೆಯಲ್ಲೇ" ಎಂದರು. ಆಮೇಲೆ ಎರಡು ಬಟ್ಟಲು ತಿಂದರು.

ಆ ಭಾನುವಾರ ಕ್ಲಬ್ಬಿನ ಹಾಲಿನಲ್ಲಿದ್ದವರಿಗೆಲ್ಲ ನೆನಪಿದೆ, ಆದರೂ ತಮ್ಮ ಘನತೆಯ ದಾಖಲೆಗಾಗಿ ಬರೆಯುತ್ತೇನೆ. ಆಕೆ ಬಂದಿರುವುದು ತಮಗೆ ಗೊತ್ತಿತ್ತು, ಎದುರಿಗೇ ಕೂತಿದ್ದರು. ಆದರೂ ತಾವು ಕೈಗವಸು ತೊಟ್ಟು, ತಟ್ಟೆ ಎತ್ತಿ, ಎಂದಿಗಿಂತ ಜೋರಾಗಿ "ಲಿಟಲ್ ಮಾರ್ವಾ ಡೇನ್!" ಎಂದು ಕೂಗಿದಿರಿ. ಬಾಣಲೆಯಲ್ಲಿ ಎಣ್ಣೆ ಸಿಡಿದಂಥ ಸದ್ದು ಮೊದಲು, ಆಮೇಲೆ ಡ್ರಮ್ಮು, ಆಮೇಲೆ ಅವಳು. ಕುಣಿಯುವವರು ನೆಲಕ್ಕಿಳಿದರು. ಒಡೆಸ್ಸಾ ಊರುಗೋಲನ್ನು ನನ್ನ ಕೈಗೆ ಕೊಟ್ಟು, ಕುಣಿಯುವವರ ನಡುವೆ ನಡೆದು ಹೋಗಿ, ಸ್ಪೀಕರಿಗೆ ಅಂಗೈ ಒತ್ತಿ ನಿಂತರು. ಪಲ್ಲವಿ ಬಂದಾಗ ಹಾಡಿದರು. ಮುದಿ ದನಿ ಹೊರಗೆ, ಎಳೆಯ ದನಿ ಒಳಗೆ, ಎರಡೂ ಒಂದೇ ಸಮನೆ ತಡವಾಗಿ. ಒಬ್ಬೊಬ್ಬರೇ ಕುಣಿಯುವುದನ್ನು ನಿಲ್ಲಿಸಿದರು. ಆ ನೆಲದ ಮೇಲೆ ಹಾಡು ಮುಗಿಯುವ ಮುಂಚೆ ಜನ ಕುಣಿತ ನಿಲ್ಲಿಸಿದ್ದನ್ನು ನಾನು ಹಿಂದೆ ಎಂದೂ ಕಂಡಿರಲಿಲ್ಲ.

"ಇದು ವರ್ಲೀನ್," ಎಂದು ಆಕೆ ತಮಗೆ ಹೇಳಿದರು. "ನಮ್ಮಕ್ಕ ಇವ್ಳು, ಸಾರ್. ಹಿಂದೆ ಹಾಡ್ತಿರೋಳು ನಾನು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಕ್ಷಮೆ ಕೇಳುತ್ತಿದ್ದರು. ತಾವು ಮೈಕನ್ನು ಆರಿಸಿ, ಸೊಂಟ ಬಗ್ಗಿಸಿ, "ತುಂಬ ಬೇಜಾರು ಮೇಡಂ, ಆದ್ರೆ ಲೇಬಲ್ ಮೇಲೆ ಬೇರೆ ಹೆಸ್ರಿದೆ" ಎಂದಿರಿ. ನಮ್ಮ ಕ್ಲಬ್ಬಿನ ಅಧ್ಯಕ್ಷರಾದ ವಿಲ್ಫ್ ಆಗ್ಡನ್ ಆಗ ಎದ್ದು ನಿಂತರು. ಬಿಂಗೋ ನಂಬರು ಕೂಗುವುದು ಬಿಟ್ಟರೆ ಅವರು ಬಾಯಿ ಬಿಡುವುದು ಅಪರೂಪ.

"ಹಂಗಾದ್ರೆ ಕಿತ್ತು ತೋರ್ಸೋ ಡೆಸ್ಮಂಡ."

"ಕಿತ್ರೆ ಹರಿದೋಗುತ್ತೆ ವಿಲ್ಫ್."

"ತೋರ್ಸದಿದ್ರೆ ಈ ಕ್ಲಬ್ಬಿಗೆ ಆ ತಟ್ಟೇನೂ ಬರಂಗಿಲ್ಲ, ನೀನೂ ಬರಂಗಿಲ್ಲ. ಬಾ ಅಡುಗೆಮನೆಗೆ."

ಅಡುಗೆಮನೆಯಲ್ಲಿ, ಬಟಾಣಿ ಪಾತ್ರೆಯ ಪಕ್ಕ, ಒದ್ದೆ ಬಟ್ಟೆ ಒತ್ತಿ, ಬೆಣ್ಣೆ ಸವರುವ ಚಾಕುವಿನಿಂದ ತಾವೇ ಸ್ವಹಸ್ತದಿಂದ ಮುಸುಕು ತೆಗೆದಿರಿ. ಅದರಡಿ ನಸುನೀಲಿ ಬಣ್ಣದ ಇನ್ನೊಂದು ಕಾಗದ! ಅದರ ಮೇಲೆ, ತಮಗೆ ಈ ತಟ್ಟೆಯನ್ನು ಕೊಟ್ಟ, ಈಗ ದಿವಂಗತರಾಗಿರುವ ಸ್ಟೋಕ್ ಊರಿನ ಡಿಜೆ ರೆಗ್ ಪಾಡ್ಮೋರ್ ಅವರ ಕೈಬರಹದಲ್ಲಿ "ಜಾನಿ ಕಾಲ್ಬಿ ಮತ್ತು ಸಂಗಡಿಗರು" ಎಂದಿತ್ತು. ಹೆಂಗಸಿನ ದನಿಗೆ ಜಾನಿ ಎಂದು ಹೆಸರಿಟ್ಟ ಆ ಪುಣ್ಯಾತ್ಮನ ಧೈರ್ಯ ನಮಗೆಲ್ಲಿಂದ ಬರಬೇಕು. ತಾವು ಮುಸುಕಿನ ಮೇಲೆ ಮುಸುಕು ಹಾಕಿದ್ದಿರಿ. ಒಳಗೇನಿದೆ ಎಂದು ತಾವೂ ನೋಡಿರಲಿಲ್ಲ.

"ನಿಂಗೇ ಗೊತ್ತಿರ್ಲಿಲ್ವಾ?" ಎಂದರು ವಿಲ್ಫ್.

"ರೆಗ್‌ಗೆ ಗೊತ್ತಿತ್ತು" ಎಂದಿರಿ.

"ಕೇಳ್ಬೇಕಿತ್ತಪ್ಪ ಅವನನ್ನ."

"ಕೇಳಿದ್ರೆ ನಂಗೊತ್ತಿಲ್ಲ ಅಂತ ಅವನಿಗೆ ಗೊತ್ತಾಗ್ತಿತ್ತಲ್ಲ!"

ಈ ಮಾತನ್ನು ಕ್ಲಬ್ಬಿನ ಬಾಗಿಲ ಮೇಲೆ ಕೆತ್ತಿಸಬೇಕೆಂದು ನಾನು ಸಮಿತಿಗೆ ಶಿಫಾರಸು ಮಾಡಿದ್ದೇನೆ. ನಮ್ಮ ಪೈಕಿ ಗೊತ್ತಿಲ್ಲ ಎನ್ನುವುದಕ್ಕಿಂತ ದೊಡ್ಡ ಅವಮಾನವಿಲ್ಲ, ಅದು ನನಗೂ ಗೊತ್ತು. ಆ ಹೊತ್ತಿನ ತಮ್ಮ ಮುಖ ನೋಡಿ ಒಂದು ಗಳಿಗೆ ಪಾಪವೆನಿಸಿತು. ನೀಲಿ ಕಾಗದವನ್ನೂ ಕಿತ್ತಿರಿ. ಒಡೆಸ್ಸಾ ಕನ್ನಡಕ ಹಾಕಿಕೊಂಡು ಬಗ್ಗಿದರು. ಲೇಬಲ್ ಕಾಣಿಸಿತು. ಸ್ಟುಡಿಯೋದ ಅಚ್ಚಾದ ಹೆಸರು, ಬೀದಿಯ ಹೆಸರು, ಅದರ ಕೆಳಗೆ ಹಾಡಿದವರ ಹೆಸರು ಬರೆಯಲೆಂದು ಒಂದು ಗೆರೆ. ಗೆರೆಯ ಮೇಲೆ ಏನೂ ಇರಲಿಲ್ಲ. ಸ್ಟುಡಿಯೋದವರು ಅವಳ ಹೆಸರು ಬರೆಯುವಷ್ಟೂ ತೊಂದರೆ ತೆಗೆದುಕೊಂಡಿರಲಿಲ್ಲ. ರೆಗ್ ಪಾಡ್ಮೋರ್ ಬಚ್ಚಿಟ್ಟದ್ದು, ಅವರ ಮೇಲೆ ತಾವು ಬಚ್ಚಿಟ್ಟದ್ದು, ಒಂದು ಖಾಲಿ ಗೆರೆಯನ್ನು.

ಕ್ಷೌರದಂಗಡಿಯ ಬೆಂಚಿನ ಮೇಲೆ ಫೋನಿಗಾಗಿ ಕಾದ ಹುಡುಗಿಗೆ ಆವತ್ತು ಉತ್ತರ ಸಿಕ್ಕಿತು ಎಂದು ನನಗನ್ನಿಸಿತು. ಆದರೆ ತಾವು, ಧೀಮಂತರೇ, ಮುಳುಗುತ್ತಿದ್ದವರು ತಟಕ್ಕನೆ ದಡ ಕಂಡಿರಿ.

"ಖಾಲಿ ಅಂದ್ಮೇಲೆ ನಾನಿಟ್ಟ ಹೆಸ್ರೇ ಹೆಸ್ರು" ಎಂದಿರಿ. "ಮಾರ್ವಾ ಡೇನ್ ಅಂತ ಇಡೀ ದೇಶಕ್ಕೇ ಗೊತ್ತು. ಇವ್ಳಿಗೆ ಬೇರೆ ಹೆಸ್ರೇ ಇರ್ಲಿಲ್ಲವಲ್ಲ."

ಒಡೆಸ್ಸಾ ಕನ್ನಡಕ ತೆಗೆದು ತಮ್ಮನ್ನು ನೋಡಿದರು. "ಇತ್ತು ಸಾರ್," ಎಂದರು. "ನಮ್ಮಮ್ಮ ಇಟ್ಟಿದ್ಲು."

ಆಮೇಲೆ ಒಂದು ಪೆನ್ನು ಕೇಳಿದರು. ತಟ್ಟೆಯನ್ನು ಕೇಳಲಿಲ್ಲ, ಹಣ ಕೇಳಲಿಲ್ಲ, ಖಾಲಿ ಗೆರೆಯ ಮೇಲೆ ಅಕ್ಕನ ಹೆಸರು ಬರೆಯಲು ಒಂದು ಪೆನ್ನು. ತಾವು ತಟ್ಟೆಯನ್ನು ಎದೆಗೆ ಒತ್ತಿಕೊಂಡಿರಿ. "ಬರಿಯೋದಾ? ಲೇಬಲ್ ಮೇಲಾ? ಅಯ್ಯೋ, ಮೂಲ ಸ್ಥಿತಿ ಹಾಳಾಗಿ ಹೋಗುತ್ತೆ ಮೇಡಂ! ಯಾರು ಬೇಕಾದ್ರೂ ಕೇಳಿ, ಬರ್ದಿರೋ ಲೇಬಲ್‌ಗೆ ಮರ್ಯಾದೆ ಇಲ್ಲ" ಎಂದಿರಿ. ಗೋಡೆಗೆ ಕಾಗದ ಅಂಟಿಸುವ ಗೋಂದು ಹಚ್ಚಿದ ಎರಡೆರಡು ಮುಸುಕಿನಡಿ ಇಷ್ಟು ವರ್ಷ ಕೊಳೆತ ಲೇಬಲ್ಲಿನ ಮೂಲ ಸ್ಥಿತಿಯ ಬಗ್ಗೆ ತಮಗಿರುವ ಕಾಳಜಿ ಕಂಡು ವಿಲ್ಫ್ ಅವರು ಬಟಾಣಿ ಪಾತ್ರೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿ ನಿಂತಿದ್ದರು. ಅಷ್ಟರಲ್ಲಿ ಹಾಲಿನಲ್ಲಿ ಸಂಗೀತ ನಿಂತು ಬಹಳ ಹೊತ್ತಾಗಿ ಜನ ನೆಲಕ್ಕೆ ಕಾಲು ಬಡಿಯತೊಡಗಿದ್ದರಿಂದ, ತಾವು ಮುಂದಿನ ಹಾಡು ಹಾಕಲು ಓಡಲೇಬೇಕಾಯಿತು. ಓಡುವಾಗ ತಟ್ಟೆಯನ್ನು ನನ್ನ ಕೈಗಿತ್ತು, "ಮೊದ್ಲಿನ ಹಂಗೇ ಕಾಗ್ದ ಅಂಟ್ಸಿಡು ಗ್ಲೆನಿಸ್, ಒಂಚೂರೂ ಕಾಣಬಾರ್ದು" ಎಂದು ಅಪ್ಪಣೆ ಮಾಡಿದಿರಿ. ಅಪ್ಪಣೆಯಂತೆ ಅಂಟಿಸಿ ತಂದು ಕೊಟ್ಟೆ. ಪರದೆ ಕತ್ತರಿಸಿದ ಕೈ ಅಲ್ಲವೇ, ಅಂಚು ನೋಡಿ ತಾವು ಮೆಚ್ಚಿಕೊಂಡಿರಿ.

ಒಡೆಸ್ಸಾ ಅವರು ಈಗ ಡೆಟ್ರಾಯಿಟ್ ಸೇರಿಕೊಂಡಿದ್ದಾರೆ. ಹೀಗಿರುವಾಗ, ತಮ್ಮ ಔದಾರ್ಯಕ್ಕೆ ಎಲ್ಲೆಯಿಲ್ಲವೆಂದು ಬಲ್ಲ ನಾನು ಕೆಲವು ಸಣ್ಣಪುಟ್ಟ ಬೇಡಿಕೆಗಳನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ. ಬರುವ ಕ್ರಿಸ್‌ಮಸ್ಸಿನ ಭಾನುವಾರಕ್ಕೆ ಲಿಟಲ್ ಮಾರ್ವಾ ಡೇನ್ ಅವರನ್ನೇ ಕರೆಸಿ ಹಾಡಿಸಬೇಕು. ತಾವು ಹಡೆದ ಕೂಸು, ತಮ್ಮ ಮಾತು ಮೀರಲಾರಳು. ಉಳಿಯುವ ವ್ಯವಸ್ಥೆ ನಮ್ಮನೆಯಲ್ಲೇ ಮಾಡುತ್ತೇನೆ, ಕಂಬಳಿಗಳಿವೆ. ಬರುವಾಗ ಜಾನಿ ಕಾಲ್ಬಿಯವರನ್ನೂ ಜೊತೆಗೆ ಕರೆತಂದರೆ ಇಬ್ಬರಲ್ಲಿ ಯಾರು ಹಾಡಿದ್ದೆಂದು ಅವರವರೇ ಇತ್ಯರ್ಥ ಮಾಡಿಕೊಳ್ಳಲಿ. ಅವರು ಬರಲಾಗದಿದ್ದರೆ ಬ್ಲ್ಯಾಕ್‌ಬರ್ನಿನ ಆ ಮಹಾಶಯನ ಕೈಯನ್ನಾದರೂ ಪ್ರದರ್ಶನಕ್ಕಿಡಿ.

ಎರಡನೆಯದಾಗಿ, ಹೆಸರು ಬರೆಯದ ವಸ್ತುವಿಗೆ ಮೊದಲು ಹೆಸರಿಟ್ಟವನೇ ಒಡೆಯ ಎಂಬ ತಮ್ಮ ಹೊಸ ಕಾನೂನನ್ನು ನಗರಸಭೆಗೂ ತಿಳಿಸಬೇಕು. ನಮ್ಮ ಬೀದಿಯಲ್ಲಿ ಹಗಲೆಲ್ಲ ಗೇಟು ಹಾರುವ ಬಿಳಿ ಬೆಕ್ಕೊಂದಿದೆ, ಕೊರಳಲ್ಲಿ ಚೀಟಿಯಿಲ್ಲ. ಅದಕ್ಕೆ ಡೆಸ್ಮಂಡ್ ಎಂದು ಹೆಸರಿಟ್ಟಿದ್ದೇನೆ. ತಮ್ಮ ಗ್ಯಾರೇಜಿನ ಬಾಗಿಲ ಮೇಲೂ ತಮ್ಮ ಹೆಸರು ಬರೆದದ್ದು ನನಗೆ ಕಾಣಿಸಲಿಲ್ಲ. ಅದಕ್ಕೆ ಏನು ಹೆಸರಿಡಬೇಕೆಂದು ಯೋಚಿಸುತ್ತಿದ್ದೇನೆ, ಅವಸರವಿಲ್ಲ.

ಕೊನೆಯದಾಗಿ, ಇದು ತಮಾಷೆಗಲ್ಲ. ಆ ದನಿ ಸವೆಯುತ್ತಿದೆ, ಡೆಸ್ಮಂಡ್. ಸ್ಪೀಕರಿನ ಪಕ್ಕ ಕೂತವಳು ಹೇಳುತ್ತಿದ್ದೇನೆ, ಎಣ್ಣೆ ಸಿಡಿಯುವ ಸದ್ದು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದೆ, ಅವಳು ಹಿಂದೆ ಹಿಂದೆ ಸರಿಯುತ್ತಿದ್ದಾಳೆ. ಒಂದು ಸಲ, ಒಂದೇ ಸಲ, ಅದನ್ನು ಇಳಿಸಿಕೊಳ್ಳಲು ಬಿಡಿ. ಜಗತ್ತಿನ ಏಕೈಕ ತಟ್ಟೆಯ ಒಡೆಯರೆಂಬ ಬಿರುದು ಆಗಲೂ ತಮ್ಮದೇ. ಡೆಟ್ರಾಯಿಟಿನ ಒಂದು ಅಡುಗೆಮನೆಯಲ್ಲಿ ಆಕೆ ಅಕ್ಕನ ದನಿ ಕೇಳುತ್ತಾ ಪಾತ್ರೆ ತೊಳೆಯಲಿ. ಇಷ್ಟು ಕೇಳಿದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ.

ಇಷ್ಟೆಲ್ಲ ಆದರೂ ತಾವು ಹಾಕುವ ಹಾಡಿಗೆ ಕುಣಿಯುವುದನ್ನು ಬಿಡಲಾಗದ,
ತಮ್ಮ ವಿಶ್ವಾಸಿ,
ಗ್ಲೆನಿಸ್ ಹೋವರ್ತ್

ಮರೆತ ಮಾತು: ಅಡುಗೆಮನೆಯಲ್ಲಿ ಕಾಗದ ಅಂಟಿಸುವ ಮುಂಚೆ ಪೆನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು, ವಿಲ್ಫ್ ಅವರು ಬಿಂಗೋ ನಂಬರು ಹೊಡೆಯುವ ತಮ್ಮ ಪೆನ್ನನ್ನೇ ಕೊಟ್ಟರು, ಅದರ ಮಸಿ ಅಳಿಸುವುದಿಲ್ಲವಂತೆ. ಒಡೆಸ್ಸಾ ಅವರ ಅಕ್ಷರ ಬಹಳ ದುಂಡು. ತಾವು ಮೆಚ್ಚಿದ ನನ್ನ ಕಾಗದವನ್ನು ಬೇಕಾದರೆ ಕಿತ್ತು ನೋಡಿ, ಬೇಡವಾದರೆ ಹಾಗೇ ಬಿಡಿ, ತಮ್ಮಿಷ್ಟ. ಮುಂದಿನ ಭಾನುವಾರ ತಟ್ಟೆ ಎತ್ತಿ ತಾವು ಯಾವ ಹೆಸರನ್ನೇ ಕೂಗಿ, ಹಾಲಿನಲ್ಲಿರುವ ನಾವೆಲ್ಲ ತಿರುಗಿ ಕೂಗುವುದು ಒಂದೇ ಹೆಸರನ್ನು: ವರ್ಲೀನ್ ಟಾಲಿವರ್.